ಚಿಕ್ಕಜಾಲದ ಬಾವಿಯ ಪದಜಾತಿ ನಿರ್ಣಯ

ಇಂಗ್ಲಿಷ್ ಭಾಷೆಯ ಪ್ರತಿಯೊಂದು ಪದವೂ ನಾಮಪದ, ಕ್ರಿಯಾಪದ, ಗುಣವಾಚಕ ಈ ಮೂರರಲ್ಲಿ ಯಾವುದಾದರೂ ಒಂದಕ್ಕೆ ಸೇರಿರತಕ್ಕದ್ದು ಎಂದು ಯಲಹಂಕದ ಜಲಸೌಕರ್ಯ ಉಪಕಚೇರಿಯು 1978ನೆಯ ಇಸವಿಯ ಬೇಸಿಗೆಯಲ್ಲಿ ತೀರ್ಮಾನಿಸಿತು. ಅಲ್ಲಿಯವರೆಗೆ ಪದಗಳು ತಮಗೆ ತೋಚಿದಂತೆ ನಡೆದುಕೊಳ್ಳುತ್ತಿದ್ದವು.

ಈ ತೀರ್ಮಾನಕ್ಕೆ ಕಾರಣವಿತ್ತು. ಕನ್ನಡವೇ ಆಡಳಿತ ಭಾಷೆಯಾಗಬೇಕೆಂಬ ಸುತ್ತೋಲೆ ಆ ಕಚೇರಿಗೆ ಇಂಗ್ಲಿಷಿನಲ್ಲಿ ಬಂದಿತ್ತು. ಅದನ್ನು ಕನ್ನಡಕ್ಕೆ ಅನುವಾದಿಸಲು ಅನುಮತಿ ಕೋರಿ ಬರೆದದ್ದಕ್ಕೆ ಉತ್ತರ ಬರುವ ತನಕ ಇಂಗ್ಲಿಷನ್ನೇ ಮುಂದುವರಿಸುವುದು ಅನಿವಾರ್ಯವಾಗಿತ್ತು. ನಗರದಲ್ಲಿದ್ದ ಮೇಲಿನ ಕಚೇರಿಯವರು ಆದೇಶಗಳನ್ನು ತಂತಿಯಲ್ಲಿ ಕಳಿಸುತ್ತಿದ್ದರು. ತಂತಿಗೆ ಪದಕ್ಕಿಷ್ಟು ಎಂಬ ದರವಿದ್ದುದರಿಂದ ಸಣ್ಣಪುಟ್ಟ ಪದಗಳನ್ನೆಲ್ಲ ಕಿತ್ತುಹಾಕಿ ದಪ್ಪ ಪದಗಳನ್ನಷ್ಟೇ ಉಳಿಸುತ್ತಿದ್ದರು. ಉಳಿತಾಯ ಮೇಲಿನ ಕಚೇರಿಗೆ, ಅರ್ಥ ಹುಡುಕುವ ಕೆಲಸ ಕೆಳಗಿನ ಕಚೇರಿಗೆ ಎಂಬ ವ್ಯವಸ್ಥೆ ಎಲ್ಲರಿಗೂ ಒಪ್ಪಿಗೆಯಾಗಿತ್ತು.

ಒಮ್ಮೆ 'ಟ್ರೈನ್ ಸ್ಟಾಫ್ ಯಶವಂತಪುರ' ಎಂಬ ತಂತಿ ಬಂತು. ಕಚೇರಿಯ ಮುಖ್ಯಸ್ಥರಾದ ಸೇತುರಾಮರು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವರು. ದಿನಾ ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯ ತಪ್ಪುಗಳನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ, ಭಾನುವಾರಕ್ಕೊಮ್ಮೆ ಎಲ್ಲವನ್ನೂ ಕಟ್ಟಿ ಪತ್ರಿಕೆಯ ಸಂಪಾದಕರಿಗೆ ಅಂಚೆಯಲ್ಲಿ ವಾಪಸು ಕಳಿಸುವ ಶಿಸ್ತು ಅವರದು. ಟ್ರೈನ್ ಎಂದರೆ ರೈಲು, ಇದು ಯಶವಂತಪುರ ಸ್ಟೇಷನ್ನಿನವರಿಗೆ ಸಂಬಂಧಿಸಿದ್ದು ಎಂದು ಅವರು ಅರ್ಥಮಾಡಿಕೊಂಡು, ಗುಮಾಸ್ತ ಶಿವಶರಣಪ್ಪನನ್ನು ಅಲ್ಲಿಗೆ ಕಳಿಸಿದರು. ಸಿಂದಗಿ ಕಡೆಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಶಿವಶರಣಪ್ಪ ಒಂದು ವಾರ ಪ್ಲಾಟ್‌ಫಾರ್ಮಿನ ಮೇಲೆ ಕೂತು, ಬಂದವರನ್ನೆಲ್ಲ "ನಿಮಗೇನ್ ಬೇಕಾಗೇದ್ರಿ?" ಎಂದು ವಿಚಾರಿಸಿದ. ಅವರು ಫ್ಯಾನ್ ಬೇಕೆಂದರು. ಹಾಗೆಯೇ ವರದಿ ಹೋಯಿತು. ಯಶವಂತಪುರದ ಪಂಪ್‌ಹೌಸಿನ ಸಿಬ್ಬಂದಿಗೆ ತರಬೇತಿ ಕೊಟ್ಟಾಯಿತೇ ಎಂದು ಮೇಲಿನ ಕಚೇರಿ ಕೇಳಿದಾಗಲೇ ಟ್ರೈನ್ ಎಂಬ ಪದ ಕ್ರಿಯಾಪದವೂ ಆಗುವಷ್ಟು ಕೆಟ್ಟದ್ದೆಂದು ಎಲ್ಲರಿಗೂ ತಿಳಿದದ್ದು.

ಮರುದಿನ ಈ ಕೆಳಗಿನ ಪ್ರಕಟಣೆಯನ್ನು ಗೋಡೆಗೆ ಅಂಟಿಸಲಾಯಿತು.

"ಇನ್ನು ಮುಂದೆ ಯಾವುದೇ ಇಂಗ್ಲಿಷ್ ಪದವು ತನ್ನ ಪದಜಾತಿ ನಿರ್ಣಯವಾಗದೆ ಈ ಕಚೇರಿಯೊಳಗೆ ಸಂಚರಿಸತಕ್ಕದ್ದಲ್ಲ. ನಾಮಪದವೆಂದರೆ ವಸ್ತು, ಆದಕಾರಣ ಅದು ಉಗ್ರಾಣ ಶಾಖೆಗೆ ಹೋಗತಕ್ಕದ್ದು. ಕ್ರಿಯಾಪದವೆಂದರೆ ಕೆಲಸ, ಆದಕಾರಣ ಕಾಮಗಾರಿ ಶಾಖೆಗೆ. ಗುಣವಾಚಕವೆಂದರೆ ಅಭಿಪ್ರಾಯ, ಆದಕಾರಣ ಆಡಳಿತ ಶಾಖೆಗೆ. ಒಂದೇ ಪದವು ಏಕಕಾಲಕ್ಕೆ ಎರಡು ಜಾತಿಗೆ ಸೇರಿರುವುದು ಕಂಡುಬಂದಲ್ಲಿ ಅಂಥ ಪದದ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಶಿವಶರಣಪ್ಪನನ್ನು ಹೊಸದಾಗಿ ತೆರೆದ ಪದಜಾತಿ ನಿರ್ಣಯ ಶಾಖೆಗೆ ಹಾಕಲಾಯಿತು. ಅವನಿಗೊಂದು ಸಂಶಯ ಬಂತು.

"ಸಾಹೇಬ್ರ, ಕ್ರಿಯಾವಿಶೇಷಣಾ ಅಂತ ಇನ್ನೊಂದ್ ಇರ್ತದಲ್ರಿ. ಅದನ್ನ ಎಲ್ಲಿ ಕಳಸೂದ್ರಿ?"

"ಅದಕ್ಕೆ ಹುದ್ದೆ ಮಂಜೂರಾಗಿಲ್ಲ ಶಿವಶರಣಪ್ಪ," ಎಂದರು ಸೇತುರಾಮರು. "ಸದ್ಯಕ್ಕೆ ಗುಣವಾಚಕದ ಜೊತೇಲೇ ಕೂರಿಸಿ."

'ಪದಜಾತಿ' ಎಂಬ ಬೋರ್ಡಿನಲ್ಲಿ 'ಪದ' ಚಿಕ್ಕದಾಗಿಯೂ 'ಜಾತಿ' ದೊಡ್ಡದಾಗಿಯೂ ಬರೆಸಿದ್ದರಿಂದ ಬಾಗಲೂರು, ಹೆಬ್ಬಾಳದ ಕಡೆಯ ಜನ ಜಾತಿ ಸರ್ಟಿಫಿಕೇಟಿಗಾಗಿ ಬಂದು ಸಾಲು ನಿಲ್ಲತೊಡಗಿದರು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವರೆಲ್ಲರಿಗೂ 'ನಾಮಪದ' ಎಂದು ಬರೆದು ಸೀಲು ಹೊಡೆದು ಕೊಡಲಾಯಿತು. ಅದು ಯಾವ ಕಾಲೇಜಿನಲ್ಲೂ ನಡೆಯಲಿಲ್ಲ ಎಂದು ಯಾರೂ ಬಂದು ದೂರಲಿಲ್ಲವಾದ್ದರಿಂದ ಎಲ್ಲ ಕಡೆಯೂ ನಡೆದಿರಬೇಕು.

ಚಿಕ್ಕಜಾಲದ ಬಾವಿಯ ವಿಷಯ ಶಾಖೆಗೆ ಬಂದದ್ದು ಇದಾದ ಮೇಲೆ.

ಚಿಕ್ಕಜಾಲದಲ್ಲಿ ಶಾಲೆಯ ಹಿಂದೆ ಒಂದು ಬಾವಿಯಿತ್ತು. ಅದಕ್ಕೆ ಕಟ್ಟೆಯಿರಲಿಲ್ಲ. ನೆಲ ಎಲ್ಲಿ ಮುಗಿಯುತ್ತದೋ ಅಲ್ಲೇ ಬಾವಿ ಶುರುವಾಗುತ್ತಿತ್ತು. ಶಾಲೆಯ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಬಡಿಸುವ ಗೋಪಾಲಮ್ಮನವರು ದಿನಾ ಅಲ್ಲಿಂದಲೇ ನೀರು ಸೇದುತ್ತಿದ್ದರು. ಮಾಘಮಾಸದಲ್ಲಿ ಅವರ ಎಮ್ಮೆ ಆ ಬಾವಿಗೆ ಬಿತ್ತು. ಊರಿನವರೆಲ್ಲ ಸೇರಿ ಹಗ್ಗ ಹಾಕಿ ಎತ್ತಿದರು. ಎಮ್ಮೆ ಬದುಕಿತು, ಆದರೆ ಆಮೇಲೆ ಕೆರೆ ಕಂಡರೂ ಹಿಂದಕ್ಕೆ ಸರಿಯುತ್ತಿತ್ತು. ಇದಾಗಿ ಸ್ವಲ್ಪ ದಿನಕ್ಕೆ ಗೋಪಾಲಮ್ಮನವರ ಮೊಮ್ಮಗಳು, ಮೂರನೆಯ ಕ್ಲಾಸಿನವಳು, ಗೆಳತಿಯರ ಎದುರು ಮಗ್ಗಿ ಒಪ್ಪಿಸುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕಿಕೊಂಡು ಬಾವಿಯ ಅಂಚಿಗೆ ಬಂದಿದ್ದಳು. ಗೋಪಾಲಮ್ಮನವರು ಸೌಟು ಬಿಸಾಕಿ ಓಡಿಬಂದು ಜಡೆ ಹಿಡಿದು ಈಚೆಗೆಳೆದರು. ಮಗು ಜಡೆ ನೋಯಿತೆಂದು ಅತ್ತಿತು. ಆ ದಿನ ಉಪ್ಪಿಟ್ಟು ಸೀದುಹೋಯಿತು.

ಆ ಸಂಜೆಯೇ ಅವರು ಹೆಡ್‌ಮಾಸ್ಟರ್ ಬ್ಯಾಟರಾಯಪ್ಪನವರ ಹತ್ತಿರ ಹೋಗಿ, "ಮೇಷ್ಟ್ರೇ, ಆ ಬಾವೀಗೊಂದು ಮುಚ್ಚಳ ಆಕ್ಸಿ," ಎಂದರು. ಹೆಡ್‌ಮಾಸ್ಟರು ಚೊಕ್ಕಟವಾದ ಕನ್ನಡದಲ್ಲಿ ಒಂದು ಅರ್ಜಿ ಬರೆದು ಯಲಹಂಕಕ್ಕೆ ಕಳಿಸಿದರು. ಉಪಕಚೇರಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಮೇಲಕ್ಕೆ ಕಳಿಸಿತು. ಮೇಲಿನ ಕಚೇರಿ ಎಂದೂ ಇಲ್ಲದ ವೇಗದಲ್ಲಿ ಒಪ್ಪಿಗೆ ಕೊಟ್ಟು ತಂತಿ ಕಳಿಸಿತು.

"ಕವರ್ ಓಪನ್ ವೆಲ್ ಚಿಕ್ಕಜಾಲ."

ಸುದ್ದಿ ತಿಳಿದು ಹೆಡ್‌ಮಾಸ್ಟರು ಬಸ್ಸು ಹತ್ತಿ ಯಲಹಂಕಕ್ಕೆ ಬಂದರು. "ಬಹಳ ಉಪಕಾರವಾಯ್ತು ಸಾರ್. ಬಾಯ್ತೆರೆದ ಬಾವೀನ ಮುಚ್ಚಿ ಅಂತ ಬರೆದಿದ್ದಾರೆ. ಯಾವತ್ತು ಮುಚ್ಚಿಸ್ತೀರಿ?"

ಸೇತುರಾಮರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ನಿಮ್ಮ ಅರ್ಥ ಮೇಷ್ಟ್ರೇ. ಕಚೇರಿ ಇನ್ನೂ ಅರ್ಥ ಮಾಡ್ಕೊಂಡಿಲ್ಲ. ಊರಿನ ಹೆಸರು ಬಿಟ್ರೆ ಇದರಲ್ಲಿ ಮೂರು ಪದ ಇದೆ. ಮೂರರದ್ದೂ ಜಾತಿ ಗೊತ್ತಾಗದೆ ನಾನು ಒಂದು ಕಲ್ಲನ್ನೂ ಅಲ್ಲಾಡಿಸೋ ಹಾಗಿಲ್ಲ."

"ಅದ್ರಲ್ಲಿ ಗೊತ್ತಾಗದೆ ಇರೋದು ಏನಿದೆ ಸಾರ್?"

"ಟ್ರೈನ್ ಅನ್ನೋದು ನಮಗೂ ಹಾಗೇ ಕಂಡಿತ್ತು," ಎಂದರು ಸೇತುರಾಮರು.

ವಿಚಾರಣೆಯ ದಿನವನ್ನು ಗೊತ್ತುಮಾಡಿ, ಆಸಕ್ತರು ಹಾಜರಾಗಬಹುದೆಂದು ಪ್ರಕಟಿಸಲಾಯಿತು. ಇಬ್ಬರು ಆಸಕ್ತರು ಹಾಜರಾದರು. ಒಬ್ಬರು ಟಿ. ದಾಸರಹಳ್ಳಿಯಲ್ಲಿ ಕಬ್ಬಿಣದ ಕೆಲಸದ ಶೆಡ್ಡು ಇಟ್ಟುಕೊಂಡಿದ್ದ ಮುನಿಗಂಗಪ್ಪನವರು. ಉಗ್ರಾಣ ಶಾಖೆಗೆ ಬೇಕಾದ ವಸ್ತುಗಳನ್ನೆಲ್ಲ ಅವರೇ ಒದಗಿಸುತ್ತಿದ್ದುದರಿಂದ ಇಂಗ್ಲಿಷಿನ ನಾಮಪದಗಳ ಬಗ್ಗೆ ಅವರಿಗೆ ವಿಶೇಷ ಪ್ರೀತಿ. ಇನ್ನೊಬ್ಬರು ಹೆಬ್ಬಾಳದ ಕಂಟ್ರಾಕ್ಟರ್ ವೇಣುಗೋಪಾಲ್. ಕಾಮಗಾರಿ ಶಾಖೆಯ ಕೆಲಸಗಳೆಲ್ಲ ಅವರವು, ಆದ್ದರಿಂದ ಕ್ರಿಯಾಪದಗಳ ಅಭಿಮಾನಿ.

"ಸಾರ್, ಕವರ್ರು ಅಂದ್ರೆ ವಸ್ತು ಕಣ್ರೀ," ಎಂದು ಮುನಿಗಂಗಪ್ಪನವರು ವಾದ ಶುರುಮಾಡಿದರು. "ದಿಂಬಿಗೆ ಕವರ್ರು, ಪುಸ್ತಕಕ್ಕೆ ಕವರ್ರು, ಮದುವೇಲಿ ದುಡ್ಡು ಹಾಕಿ ಕೊಡೋದೂ ಕವರ್ರೇ. ಕೈಯಲ್ಲಿ ಹಿಡಿಯೋಕೆ ಬರುತ್ತೆ. ಕೈಗೆ ಸಿಕ್ಕಿದ್ದು ನಾಮಪದ."

"ಕವರ್ ಮಾಡು ಅಂತಾರಲ್ಲ ಸಾರ್, ಅದೇನು?" ಎಂದರು ವೇಣುಗೋಪಾಲ್. "ಮಾಡು ಅಂದ್ಮೇಲೆ ಮಾಡೋನು ಬೇಕಲ್ವಾ? ಮಾಡೋನು ನಾನಿದ್ದೀನಿ. ಕ್ರಿಯಾಪದ."

ಬೆಂಚಿನ ಮೇಲೆ ಕೂತಿದ್ದ ಹೆಡ್‌ಮಾಸ್ಟರು ಎದ್ದು, ಬಾವಿ ಶಾಲೆಯಿಂದ ಎಷ್ಟು ಹತ್ತಿರವಿದೆ ಎಂದು ಹೇಳಲು ಹೊರಟರು. ದೂರ ಹತ್ತಿರ ಎಂಬುವು ಗುಣವಾಚಕಗಳಾದ್ದರಿಂದ ಅದನ್ನು ಆಡಳಿತ ಶಾಖೆಯ ಮುಂದೆ ಹೇಳಿಕೊಳ್ಳುವಂತೆ ಅವರಿಗೆ ಸೂಚಿಸಲಾಯಿತು.

ವಿಚಾರಣೆ ಮುಂದಕ್ಕೆ ಹೋಯಿತು. ಈ ಮಧ್ಯೆ ಮುನಿಗಂಗಪ್ಪನವರು ಸೇತುರಾಮರ ಮನೆಗೆ ಕನ್ನಡಿ ಇರುವ ಒಂದು ಕಬ್ಬಿಣದ ಬೀರು ಕಳಿಸಿದರು. ವೇಣುಗೋಪಾಲ್ ಅದೇ ಮನೆಗೆ ಒಳಗೂ ಹೊರಗೂ ಸುಣ್ಣಬಣ್ಣ ಮಾಡಿಸಿದರು. ಸೇತುರಾಮರು ಪ್ರಾಮಾಣಿಕರಾದ್ದರಿಂದ ಎರಡನ್ನೂ ಕೂಲಂಕಷವಾಗಿ ಪರಿಶೀಲಿಸಿದರು. ಮೊದಲನೆಯದು ಬರೀ ನಾಮಪದ, ಅದರಲ್ಲಿ ಕೊಡುವ ಕ್ರಿಯೆ ಎಲ್ಲೂ ಕಾಣುತ್ತಿರಲಿಲ್ಲ. ಎರಡನೆಯದು ಬರೀ ಕ್ರಿಯಾಪದ, ಅದರಲ್ಲಿ ತೆಗೆದುಕೊಂಡ ವಸ್ತು ಎಲ್ಲೂ ಇರಲಿಲ್ಲ. ಆದ್ದರಿಂದ ಲಂಚದ ಪ್ರಶ್ನೆ ಉದ್ಭವಿಸಲಿಲ್ಲ. ಆಡಳಿತ ಶಾಖೆಯವರು ಇಬ್ಬರನ್ನೂ ಉದಾರಿಗಳು, ಸಜ್ಜನರು, ದೊಡ್ಡ ಮನಸ್ಸಿನವರು ಎಂದು ಹೊಗಳಿ, ತಮ್ಮ ಕಡೆಗೂ ನೋಡುವಂತೆ ಕೋರಿದರು.

ತೀರ್ಪು ಕೊಡುವ ದಿನ ಸೇತುರಾಮರ ಮುಖದಲ್ಲಿ ಹೊಸ ಕಳೆಯಿತ್ತು. ಶಿವಶರಣಪ್ಪ ಬರೆದುಕೊಳ್ಳಲು ಕೂತ.

"ಶಿವಶರಣಪ್ಪ, ಈ ತಂತಿ ಎಂಥಾ ನ್ಯಾಯವಾಗಿದೆ ನೋಡಿ. ಕವರ್, ನಾಮಪದ. ಉಗ್ರಾಣಕ್ಕೆ. ಓಪನ್ ಅಂದ್ರೆ ತೆರೆ, ಕ್ರಿಯಾಪದ. ಕಾಮಗಾರಿಗೆ. ವೆಲ್ ಅಂದ್ರೆ ಚೆನ್ನಾಗಿ."

"ವೆಲ್ ಅಂದ್ರ ಬಾವಿ ಅಲ್ರಿ ಸಾಹೇಬ್ರ?"

"ಬಾವಿ ಅಂತ ಇಟ್ಕೊಂಡ್ರೆ ನಾಮಪದ ಎರಡಾಗುತ್ತೆ, ಆಡಳಿತ ಶಾಖೆಗೆ ಏನೂ ಉಳಿಯಲ್ಲ. ಅವರೂ ನಮ್ಮವರೇ ತಾನೆ? ಚೆನ್ನಾಗಿ ಅಂತಲೇ ಬರ್ಕೊಳ್ಳಿ, ಗುಣವಾಚಕದ ಜೊತೆ ಕೂರಿಸಿ."

"ಹಂಗಾದ್ರ ಒಟ್ಟು ಅರ್ಥ ಏನಾತ್ರಿ?"

"ಮುಚ್ಚಳವು ಚೆನ್ನಾಗಿ ತೆರೆಯಬೇಕು."

ಶಿವಶರಣಪ್ಪನ ಲೇಖನಿ 'ಬಾವಿ' ಎಂದೇ ಬರೆಯಹೊರಟಿತು. ಅವನ ಸ್ವಂತ ಊರಿನಲ್ಲೂ ಇಂಥದೇ ಒಂದು ಬಾವಿಯಿತ್ತು, ಅದರ ನೆನಪು ಬಂದಿರಬೇಕು. ಆದರೆ ಅವನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಹೇಳಿದಂತೆ ಬರೆದ.

ಮೂರು ಶಾಖೆಗಳೂ ಹುರುಪಿನಿಂದ ಕೆಲಸಕ್ಕಿಳಿದವು. ಮುನಿಗಂಗಪ್ಪನವರು ದಪ್ಪ ತಗಡಿನ ಒಂದು ಮುಚ್ಚಳ ಮಾಡಿಸಿದರು. ಚೆನ್ನಾಗಿ ತೆರೆಯಬೇಕೆಂದು ಅದಕ್ಕೆ ಒಳ್ಳೆಯ ಕೀಲುಗಳನ್ನು ಕೂರಿಸಿ, ಗ್ರೀಸು ಹಚ್ಚಿ, ಮಗು ಒಂದು ಬೆರಳು ತಾಗಿಸಿದರೂ ಮೇಲೇಳುವ ಹಾಗೆ ಮಾಡಿದರು. ಮುಚ್ಚಳವನ್ನು ತೆರೆಯುವ ಕಾಮಗಾರಿ ವೇಣುಗೋಪಾಲರಿಗೆ ಸಿಕ್ಕಿತು. ಅವರು ಅದಕ್ಕೊಬ್ಬ ಆಳನ್ನು ನೇಮಿಸಿದರು. ಕಚೇರಿಯ ವೇಳೆಗೆ ಸರಿಯಾಗಿ, ಅಂದರೆ ಶಾಲೆಯ ಮೊದಲ ಗಂಟೆ ಹೊಡೆಯುವಾಗ, ಬಂದು ಮುಚ್ಚಳ ತೆರೆಯುವುದು, ಸಂಜೆ ಶಾಲೆ ಬಿಡುವ ತನಕ ಅದು ಮುಚ್ಚಿಕೊಳ್ಳದಂತೆ ಕಾಯುವುದು ಅವನ ಕೆಲಸ. ಆಡಳಿತ ಶಾಖೆಯವರು ಕುಟುಂಬಸಮೇತ ಜೀಪಿನಲ್ಲಿ ಬಂದು, ಮುಚ್ಚಳವನ್ನು ಹಲವು ಸಲ ತೆರೆಸಿ ನೋಡಿ, 'ಚೆನ್ನಾಗಿ' ಎಂದು ಪ್ರಮಾಣಪತ್ರ ಕೊಟ್ಟು, ನಂದಿಬೆಟ್ಟ ನೋಡಿಕೊಂಡು ಹೋದರು.

ಉದ್ಘಾಟನೆಯ ದಿನ ಶಾಲೆಗೆ ತೋರಣ ಕಟ್ಟಿದ್ದರು. ಸೇತುರಾಮರು ಟೇಪು ಕತ್ತರಿಸಿ ಒಂದೇ ಬೆರಳಿನಲ್ಲಿ ಮುಚ್ಚಳ ಎತ್ತಿದರು. ಅದು ಸದ್ದಿಲ್ಲದೆ ಮೇಲೆದ್ದು ನಿಂತಿತು. ಕೆಳಗೆ ಬಾವಿ ಮೊದಲಿನ ಹಾಗೇ ಕಾಣಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗೋಪಾಲಮ್ಮನವರು ತಟ್ಟೆಯಲ್ಲಿ ಉಪ್ಪಿಟ್ಟು ಹಿಡಿದುಕೊಂಡು ಬಂದರು. "ತೆಗೆದಿದ್ದು ಚಂದಾಗೈತೆ ಸಾಮಿ. ಮುಚ್ಚೋದ್ಯಾವಾಗ?"

"ಮುಚ್ಚೋ ಪದ ಆದೇಶದಲ್ಲಿಲ್ಲಮ್ಮ."

"ಅಲ್ಲ ಸಾಮಿ, ಮುಚ್ಚಳ ಅಂದ್ರೇನೇ ಮುಚ್ಚೋದಲ್ವ?"

"ಅದು ಕನ್ನಡದಲ್ಲಿ," ಎಂದು ಸೇತುರಾಮರು ಸಮಾಧಾನವಾಗಿ ತಿಳಿಸಿ ಹೇಳಿದರು. "ಆದೇಶ ಬಂದಿರೋದು ಇಂಗ್ಲಿಷ್‌ನಲ್ಲಿ."

ಗೋಪಾಲಮ್ಮನವರಿಗೆ ಈ ವ್ಯತ್ಯಾಸ ಹಿಡಿಸಲಿಲ್ಲ. ಮಾರನೆಯ ದಿನ ನೀರು ಸೇದಿಕೊಂಡ ಮೇಲೆ ಮುಚ್ಚಳವನ್ನು ದಬ್ಬನೆ ಮುಚ್ಚಿ ಒಲೆಯ ಹತ್ತಿರ ಹೋದರು. ವೇಣುಗೋಪಾಲರ ಆಳು ಎದ್ದುಬಂದು ತೆರೆದ. ಅವರು ಮತ್ತೆ ಬಂದು ಮುಚ್ಚಿದರು. ಅವನು ಮತ್ತೆ ತೆರೆದ. "ಅಮ್ಮಾ, ನನ್ ಒಟ್ಟೆ ಮೇಲೆ ಒಡೀಬೇಡ. ತೆಗೆಯೋಕೆ ಅಂತಾನೇ ನಂಗೆ ಕೂಲಿ ಕೊಡೋದು," ಎಂದು ಅವನು ಕೈಮುಗಿದ. ಗೋಪಾಲಮ್ಮನವರು ಅವನಿಗೂ ಒಂದು ತಟ್ಟೆ ಉಪ್ಪಿಟ್ಟು ಕೊಟ್ಟರು. ಅವನು ತಿನ್ನುವಷ್ಟು ಹೊತ್ತು ಮುಚ್ಚಳ ಮುಚ್ಚಿರುತ್ತಿತ್ತು. ಆದ್ದರಿಂದ ಅವನಿಗೆ ಎರಡನೆಯ ಸಲ, ಮೂರನೆಯ ಸಲ ಬಡಿಸತೊಡಗಿದರು.

ಹದಿನೈದು ದಿನ ಕಳೆಯುವುದರೊಳಗೆ ಅವರಿಗೆ ನೋಟೀಸು ಬಂತು. ಹೆಡ್‌ಮಾಸ್ಟರು ಓದಿ ಹೇಳಿದರು. "ಸರ್ಕಾರಿ ಕ್ರಿಯಾಪದವೊಂದು ಜಾರಿಯಲ್ಲಿರುವಾಗ ನೀವು ಅದಕ್ಕೆ ವಿರುದ್ಧವಾದ ಖಾಸಗಿ ಕ್ರಿಯಾಪದವನ್ನು ಪದೇಪದೇ ಆಚರಿಸುತ್ತಿರುವುದು ಗಮನಕ್ಕೆ ಬಂದಿದೆ. ನಿಮ್ಮ ಮೇಲೆ ಏಕೆ ಕ್ರಮ ತೆಗೆದುಕೊಳ್ಳಬಾರದು ಎಂಬುದಕ್ಕೆ ಕಾರಣ ತಿಳಿಸತಕ್ಕದ್ದು."

ಗೋಪಾಲಮ್ಮನವರು ಕಾರಣ ತಿಳಿಸಲು ಮೊಮ್ಮಗಳ ಕೈಹಿಡಿದುಕೊಂಡು ಯಲಹಂಕಕ್ಕೆ ಬಂದರು. ಸೇತುರಾಮರ ಮೇಜಿನ ಮುಂದೆ ಮಗುವನ್ನು ನಿಲ್ಲಿಸಿ, "ಇದೇ ಕಾರಣ ಸಾಮಿ," ಎಂದರು.

ಸೇತುರಾಮರು ಮಗುವನ್ನು ನೋಡಿದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಅದರ ತುದಿಯಲ್ಲಿ ಕೆಂಪು ಟೇಪು. ಅವರಿಗೂ ಮಕ್ಕಳಿದ್ದರು. "ಆಗಲಮ್ಮ, ನಾನೇ ಬಂದು ಸ್ಥಳ ಪರಿಶೀಲನೆ ಮಾಡ್ತೀನಿ," ಎಂದರು. ಹೇಳಿದಂತೆ ಬುಧವಾರ ಬೆಳಿಗ್ಗೆ ಡ್ರೈವರ್ ಖಾದರ್ ಬಾಷಾನ ಜೀಪಿನಲ್ಲಿ ಚಿಕ್ಕಜಾಲಕ್ಕೆ ಬಂದರು ಕೂಡ.

ಬಾವಿಯ ಬಳಿ ಮುಚ್ಚಳ ತೆರೆದು ನಿಂತಿತ್ತು. ಅದು ನೆಟ್ಟಗೆ ನಿಂತಿದೆಯೋ ಸ್ವಲ್ಪ ಓರೆಯಾಗಿದೆಯೋ ಎಂಬ ಸಂಶಯ ಸೇತುರಾಮರಿಗೆ ಬಂತು. ಒಂದು ಕಣ್ಣು ಮುಚ್ಚಿ ನೋಡಿದರು. ಬಲಕ್ಕೆ ಸುತ್ತಿ ಬಂದು ನೋಡಿದರು. ಇನ್ನೂ ಸರಿಯಾಗಿ ಕಾಣಲೆಂದು, ಮುಚ್ಚಳದ ಮೇಲೇ ದೃಷ್ಟಿಯಿಟ್ಟು, ಒಂದು ಹೆಜ್ಜೆ ಹಿಂದೆ ಇಟ್ಟರು.

ಬೇಸಿಗೆಯಾದ್ದರಿಂದ ಬಾವಿಯಲ್ಲಿ ನೀರು ಎದೆಮಟ್ಟ ಮಾತ್ರ ಇತ್ತು. ಕಾಲಿಗೆ ಕೆಸರು ಹಿಡಿದುಕೊಂಡಿತ್ತು. ತಲೆಯ ಮೇಲೆ ದುಂಡನೆಯ ಆಕಾಶ, ಅದರ ಪಕ್ಕದಲ್ಲಿ ತೆರೆದ ಮುಚ್ಚಳ. ಇಪ್ಪತ್ತು ವರ್ಷ ಕಚೇರಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಟಿಪ್ಪಣಿ ಬರೆಯದಿದ್ದ ಸೇತುರಾಮರು, "ಅಯ್ಯಯ್ಯೋ ಅಮ್ಮಾ! ಯಾರಾದ್ರೂ ಬನ್ರಪ್ಪೋ!" ಎಂದು ಕೂಗಿದರು. ಆ ಕೂಗಿಗೆ ಎರಡು ಅರ್ಥವಿರಲಿಲ್ಲ. ಗೋಪಾಲಮ್ಮನವರು ಸೇದುವ ಹಗ್ಗ ಇಳಿಬಿಟ್ಟರು. ಖಾದರ್ ಬಾಷಾ, ಹೆಡ್‌ಮಾಸ್ಟರು, ಮುಚ್ಚಳ ತೆರೆಯುವ ಆಳು ಎಲ್ಲರೂ ಸೇರಿ ಎಳೆದರು. ಎಮ್ಮೆಯನ್ನು ಎತ್ತಿದ ಅನುಭವ ಊರಿನವರಿಗೆ ಇದ್ದುದರಿಂದ ಹೆಚ್ಚು ಕಷ್ಟವಾಗಲಿಲ್ಲ.

ಸೇತುರಾಮರು ನೆಲದ ಮೇಲೆ ಕೂತು ಗಡಗಡ ನಡುಗುತ್ತಿದ್ದರು. ಗೋಪಾಲಮ್ಮನವರು ತಮ್ಮ ಹೊದಿಕೆಯನ್ನು ಅವರ ಹೆಗಲಿಗೆ ಹೊದಿಸಿ, ಬಿಸಿ ಉಪ್ಪಿಟ್ಟು ಕೈಗಿಟ್ಟರು. ಮೂರನೆಯ ಕ್ಲಾಸಿನ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಅವರಲ್ಲಿ ಕೆಂಪು ಟೇಪಿನ ಹುಡುಗಿಯೂ ಇದ್ದಳು. ಸೇತುರಾಮರು ಅವಳನ್ನು ನೋಡಿ, ಬಾವಿಯನ್ನು ನೋಡಿ, "ಮುಚ್ಚಿಬಿಡಿ ಅದನ್ನ," ಎಂದರು. "ಈಗಲೇ ಮುಚ್ಚಿಬಿಡಿ."

ಗೋಪಾಲಮ್ಮನವರು ಓಡಿಹೋಗಿ ಮುಚ್ಚಿದರು. ಆಳು ಅಡ್ಡಬರಲಿಲ್ಲ.

ಕಚೇರಿಗೆ ಮರಳಿ ಬಟ್ಟೆ ಒಣಗಿದ ಮೇಲೂ ಸೇತುರಾಮರು ಆ ಮಾತಿಗೇ ಗಟ್ಟಿಯಾಗಿ ಅಂಟಿಕೊಂಡಿದ್ದರು. "ಶಿವಶರಣಪ್ಪ, ಆ ಬಾವಿ ಮುಚ್ಚೇ ಇರಬೇಕು ಅಂತ ಆದೇಶ ಬರೀರಿ."

"ಬರೀತೀನ್ರಿ ಸಾಹೇಬ್ರ. ನನಗೂ ಅದು ಸರಿ ಕಾಣ್ತದ. ಆದ್ರ ಯಾವ ಪದದ ಅಡಿಯೊಳಗ ಬರೀಲಿ? ನಮ್ಮ ಕಡೆ ಇರೂದು ಓಪನ್ ಒಂದೇ."

ಮೇಲಿನ ಕಚೇರಿಯಿಂದಲೇ ಹೊಸ ಪದ ತರಿಸಿಕೊಳ್ಳುವುದೆಂದು ನಿಶ್ಚಯವಾಯಿತು. ಮೊದಲು ಅಪಘಾತದ ಸುದ್ದಿ ತಂತಿಯಲ್ಲಿ ಹೋಯಿತು. ಮಿತವ್ಯಯದ ನಿಯಮದಂತೆ ಸಣ್ಣ ಪದಗಳನ್ನು ತೆಗೆಯಲಾಗಿ, ತಂತಿಯಲ್ಲಿ ಉಳಿದದ್ದು ಇಷ್ಟು: "ಆಫೀಸರ್ ಫೆಲ್ ವೆಲ್ ಚಿಕ್ಕಜಾಲ." ಹಿಂದೆಯೇ, ಶಾಲೆ ಬಾವಿಗೆ ತೀರ ಹತ್ತಿರವಿದೆ, ಮಕ್ಕಳಿಗೆ ಅಪಾಯ, ದಯವಿಟ್ಟು ಆದೇಶ ಕೊಡಿ ಎಂಬ ವಿವರವಾದ ವರದಿಯೂ ಹೋಯಿತು.

ತಂತಿಗೆ ಉತ್ತರ ಬೇಗ ಬಂತು. ಯಲಹಂಕದ ಮಾದರಿಯಲ್ಲೇ ಮೇಲಿನ ಕಚೇರಿಯೂ ಅಷ್ಟರಲ್ಲಿ ತನ್ನದೇ ಒಂದು ಪದಜಾತಿ ವಿಭಾಗ ತೆರೆದಿತ್ತು. ಅಲ್ಲಿಯೂ ವೆಲ್ ಎಂದರೆ ಚೆನ್ನಾಗಿ ಎಂದೇ ಇತ್ಯರ್ಥವಾಗಿತ್ತು. ಅಧಿಕಾರಿಯವರು ಚಿಕ್ಕಜಾಲದಲ್ಲಿ ಚೆನ್ನಾಗಿ ಬಿದ್ದಿರುವುದಕ್ಕೆ ಮೇಲಿನ ಕಚೇರಿ ಮೆಚ್ಚುಗೆ ವ್ಯಕ್ತಪಡಿಸಿ, ಉಳಿದ ಉಪಕಚೇರಿಗಳ ಮುಖ್ಯಸ್ಥರೂ ಇದನ್ನು ಅನುಸರಿಸತಕ್ಕದ್ದೆಂದು ಸುತ್ತೋಲೆ ಹೊರಡಿಸಿತು. ಸೇತುರಾಮರಿಗೆ ಬಡ್ತಿಯ ಸೂಚನೆಯೂ ಬಂತು.

ಬಾವಿಯೊಳಗೆ ಆದ ಭಯ ಸೇತುರಾಮರನ್ನು ಸುಮಾರು ದಿನ ಕಾಡಿತ್ತು. ಮನೆಯಲ್ಲಿ ಬಚ್ಚಲಿನ ಹಂಡೆಯ ಹತ್ತಿರ ಹೋಗಲೂ ಹಿಂಜರಿಯುತ್ತಿದ್ದರಂತೆ. ಬಡ್ತಿಯ ಸೂಚನೆ ಬಂದ ಮೇಲೆ ಅದು ಕಡಿಮೆಯಾಗುತ್ತ ಬಂತು. ಮುಚ್ಚುವ ಆದೇಶ ಬಾರದಿದ್ದುದರಿಂದ ವೇಣುಗೋಪಾಲರ ಆಳು ಮೊದಲಿನಂತೆ ಮುಚ್ಚಳ ತೆರೆಯತೊಡಗಿದ.

ವರದಿಗೂ ಕೊನೆಗೊಮ್ಮೆ ಉತ್ತರ ಬಂತು. "ಶಿಫ್ಟ್ ಸ್ಕೂಲ್ ಇಮ್ಮೀಡಿಯೆಟ್ಲಿ."

ಈ ಸಲದ ವಿಚಾರಣೆಯಲ್ಲಿ ಹೆಡ್‌ಮಾಸ್ಟರು ಮುಂದಿನ ಬೆಂಚಿನಲ್ಲೇ ಕೂತಿದ್ದರು. "ಸಾರ್, ಶಾಲೇನ ಬೇರೆ ಕಡೆಗೆ ಸಾಗಿಸಿ ಅಂತ. ಇದರಲ್ಲಂತೂ ಗೊಂದಲ ಇಲ್ಲ."

"ಸಾಗಿಸೋದು ಅಂದ್ರೆ ಜಾಗ ಬೇಕು, ಕಟ್ಟಡ ಬೇಕು," ಎಂದರು ಸೇತುರಾಮರು. "ಕ್ರಿಯಾಪದ ಅಂದ್ರೆ ಸುಮ್ನೇನಾ ಮೇಷ್ಟ್ರೇ?"

ಕಟ್ಟಡವೆಂದ ಕೂಡಲೇ ವೇಣುಗೋಪಾಲ್ ಎದ್ದು ನಿಂತರು. ಆದರೆ ಮುನಿಗಂಗಪ್ಪನವರು ಅವರಿಗಿಂತ ಮೊದಲು ಬಾಯಿ ತೆರೆದರು. "ನಮ್ಮ ದಾಸರಹಳ್ಳಿ ಕಡೆ ಯಾವ ಫ್ಯಾಕ್ಟ್ರಿಗೆ ಬೇಕಾದ್ರೂ ಹೋಗಿ ಕೇಳಿ ಸಾರ್. ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು. ಚಿಕ್ಕ ಹುಡುಗನಿಗೂ ಗೊತ್ತು. ಶಿಫ್ಟು ನಾಮಪದ. ಶಾಲೇಗೆ ಬೇಕಾದ ಸೈರನ್ ನಾನೇ ಕೊಡ್ತೀನಿ."

ಶಿಫ್ಟ್ ನಾಮಪದವೆಂದು ಇತ್ಯರ್ಥವಾಯಿತು. ಬೇಸರದಲ್ಲಿದ್ದ ವೇಣುಗೋಪಾಲರಿಗೆ ಸೈರನ್ ನಿಲ್ಲಿಸಲು ಒಂದು ಕಂಬ ಕಟ್ಟುವ ಕೆಲಸ ಕೊಟ್ಟು ಸಮಾಧಾನ ಮಾಡಲಾಯಿತು. ಇಮ್ಮೀಡಿಯೆಟ್ಲಿ ಎಂಬುದು ಕ್ರಿಯಾವಿಶೇಷಣವಾದ್ದರಿಂದ, ಅದಕ್ಕಿನ್ನೂ ಹುದ್ದೆ ಮಂಜೂರಾಗದಿದ್ದುದರಿಂದ, ಅದನ್ನು ಎಂದಿನಂತೆ ಗುಣವಾಚಕದ ಜೊತೆ ಕೂರಿಸಿ ಬದಿಗಿಡಲಾಯಿತು. ಹೀಗಾಗಿ ಮಾರನೆಯ ವರ್ಷದ ಜೂನ್ ತಿಂಗಳಲ್ಲಿ ಚಿಕ್ಕಜಾಲದ ಶಾಲೆ ಎರಡು ಶಿಫ್ಟಿನಲ್ಲಿ ನಡೆಯಲಾರಂಭಿಸಿತು. ಅರ್ಧ ಮಕ್ಕಳು ಬೆಳಿಗ್ಗೆ, ಅರ್ಧ ಮಕ್ಕಳು ಮಧ್ಯಾಹ್ನ. ಒಂದು ಹೊತ್ತಿನಲ್ಲಿ ಬಾವಿಯ ಹತ್ತಿರ ಇರುವ ಮಕ್ಕಳ ಸಂಖ್ಯೆ ಅರ್ಧಕ್ಕಿಳಿದದ್ದರಿಂದ ಅಪಾಯವೂ ಅರ್ಧಕ್ಕಿಳಿದಿದೆಯೆಂದು ವರದಿ ಹೋಯಿತು. ಗೋಪಾಲಮ್ಮನವರು ದಿನಕ್ಕೆ ಎರಡು ಸಲ ಉಪ್ಪಿಟ್ಟು ಮಾಡತೊಡಗಿದರು.

ಶಿಫ್ಟು ಎಲ್ಲರಿಗೂ ಅನ್ವಯಿಸುತ್ತದೆಂದು ಮುಚ್ಚಳ ತೆರೆಯುವ ಆಳನ್ನೂ ಶಿಫ್ಟಿಗೆ ಹಾಕಿದರು. ಬೆಳಗಿನ ಶಿಫ್ಟಿಗೆ ಅವನಿದ್ದ. ಮಧ್ಯಾಹ್ನದ ಶಿಫ್ಟಿಗೆ ಇನ್ನೊಬ್ಬನ ಹುದ್ದೆ ಮಂಜೂರಾಗಿರಲಿಲ್ಲ. ಹೀಗಾಗಿ ಅವನು ಮನೆಗೆ ಹೋದ ಮೇಲೆ ಗೋಪಾಲಮ್ಮನವರು ಮುಚ್ಚಳ ಮುಚ್ಚಿ, ಅದರ ಮೇಲೊಂದು ಒರಳುಕಲ್ಲು ಹೇರಿಸಿಬಿಡುತ್ತಿದ್ದರು. ತೆರೆಯುವವರು ಇಲ್ಲದ ಕಾರಣ ಸಂಜೆಯವರೆಗೂ ಅದು ಹಾಗೇ ಇರುತ್ತಿತ್ತು.

ಇದು ಊರಿಗೆಲ್ಲ ತಿಳಿಯಲು ತಡವಾಗಲಿಲ್ಲ. ಮಕ್ಕಳನ್ನು ಮಧ್ಯಾಹ್ನದ ಶಿಫ್ಟಿಗೇ ಸೇರಿಸಬೇಕೆಂದು ತಂದೆತಾಯಂದಿರು ಮುಗಿಬಿದ್ದರು. ಬಾಗಲೂರಿನಿಂದಲೂ ಮಕ್ಕಳು ಬಂದರು. ಬಾವಿ ಮುಚ್ಚಿರುವ ಶಾಲೆಯೆಂದು ಅದಕ್ಕೆ ದೊಡ್ಡ ಹೆಸರಾಯಿತು. ಹೆಡ್‌ಮಾಸ್ಟರ್ ಬ್ಯಾಟರಾಯಪ್ಪನವರ ಮನೆಗೆ ಕೋಳಿ, ಕುಂಬಳಕಾಯಿ, ತುಪ್ಪದ ಡಬ್ಬಿಗಳು ಬರತೊಡಗಿದವು. ಮೊದಮೊದಲು ಅವರು ಸಂಕೋಚಪಟ್ಟು ವಾಪಸು ಕಳಿಸಿದರು. ಆಮೇಲೆ ಅವೆಲ್ಲ ಬರೀ ನಾಮಪದಗಳು ಎಂದು ಸೇತುರಾಮರು ತಿಳಿಸಿ ಹೇಳಿದ ಮೇಲೆ ಅವರ ಮನಸ್ಸು ಹಗುರಾಯಿತು. ಮಧ್ಯಾಹ್ನದ ಸೀಟಿಗೆ ಅಧಿಕಾರಿಗಳ ಶಿಫಾರಸು ಇರಲೇಬೇಕೆಂಬ ನಿಯಮವನ್ನು ಅವರೇ ಮಾಡಿದರು. ಬೆಳಗಿನ ಶಿಫ್ಟಿಗೆ ಯಾವ ನಿಯಮವೂ ಇರಲಿಲ್ಲ, ಯಾರು ಬೇಕಾದರೂ ಸೇರಬಹುದಿತ್ತು.

ಗೋಪಾಲಮ್ಮನವರ ಮೊಮ್ಮಗಳ ಹೆಸರು ಬೆಳಗಿನ ಶಿಫ್ಟಿನಲ್ಲಿತ್ತು. ಅವರು ಹೆಡ್‌ಮಾಸ್ಟರನ್ನು ಕೇಳಿದರು. ಹೆಡ್‌ಮಾಸ್ಟರು ನಿಯಮ ತೋರಿಸಿದರು. ಮುಚ್ಚಳ ಮುಚ್ಚುವವಳೇ ನಾನಲ್ಲವೇ ಎಂದು ಅವರು ವಾದಿಸಲಿಲ್ಲ. ಒಳ್ಳೆಯ ಸೀರೆ ಉಟ್ಟುಕೊಂಡು ಯಲಹಂಕದ ಬಸ್ಸು ಹತ್ತಿದರು.

ಸೇತುರಾಮರು ಗುರುತು ಹಿಡಿದು ಕುರ್ಚಿ ತೋರಿಸಿದರು. "ಬನ್ನಿಯಮ್ಮ, ನೀವು ಹಗ್ಗ ಬಿಡದೆ ಇದ್ದಿದ್ರೆ ನಾನಿವತ್ತು ಇಲ್ಲಿ ಕೂತಿರ್ತಾ ಇರ್ಲಿಲ್ಲ. ಏನಾಗ್ಬೇಕು ಹೇಳಿ."

"ನನ್ ಮೊಮ್ಮಗಳಿಗೆ ಮದ್ಯಾನದ ಸೀಟು ಬೇಕು ಸಾಮಿ. ಒಂದು ಶಿಫಾರಸು ಬರ್ಕೊಡಿ."

"ಅಷ್ಟೇ ತಾನೆ?" ಸೇತುರಾಮರು ಕಾಗದ ಎಳೆದುಕೊಂಡರು. ಎದುರಿಗೆ ಕೂತಿದ್ದ ಮುದುಕಿಯ ಮುಖ ನೋಡಿ ಅವರಿಗೆ ಏನನ್ನಿಸಿತೋ, ಎಷ್ಟೋ ವರ್ಷಗಳಿಂದ ಮಾಡದಿದ್ದ ಒಂದು ಕೆಲಸಕ್ಕೆ ಮನಸ್ಸು ಮಾಡಿದರು. "ನಿಮಗೋಸ್ಕರ ಕನ್ನಡದಲ್ಲೇ ಬರೀತೀನಮ್ಮ. ನೀವೂ ಓದಿಸಿಕೊಂಡು ಕೇಳಬಹುದು."

ಗೋಪಾಲಮ್ಮನವರು ಗಾಬರಿಯಿಂದ ಎದ್ದುನಿಂತರು.

"ಬ್ಯಾಡ ಸಾಮಿ, ಬ್ಯಾಡ! ಇಂಗ್ಲಿಷಲ್ಲೇ ಬರ್ಕೊಡಿ. ಕನ್ನಡದಲ್ಲಿ ಬರೆದ್ರೆ ಒಂದೇ ಅರ್ತ ಬತ್ತೈತೆ, ಆ ಸೀಟಿಲ್ಲ ಓಗು ಅಂದ್ಬುಟ್ರೆ ಮುಗೀತು. ಇಂಗ್ಲಿಷಾದ್ರೆ ಎಂಗಾದ್ರೂ ತಿರುಗಿಸಿ ಏನಾದ್ರೂ ಒಂದು ಕೊಟ್ಟೇ ಕೊಡ್ತಾರೆ."

ಇದು ನ್ಯಾಯವಾದ ಮಾತೆಂದು ಸೇತುರಾಮರಿಗೂ ತೋರಿತು. ಶಿವಶರಣಪ್ಪನನ್ನು ಕರೆದು, ಟೈಪ್ ಮಾಡುವ ಮೆಷಿನ್ನಿಗೆ ಹೊಸ ಕಾಗದ ಹಾಕಲು ಹೇಳಿದರು.